ಕೌದಿಯ ಅಂಚಿಗಾಗಿ ಒಂದು ಪ್ರಯಾಣ

ಪ್ರವಾಸವೆಂದರೆ ತೀರ್ಥಕ್ಷೇತ್ರಗಳನ್ನೋ ಗಿರಿಶಿಖರಗಳನ್ನೋ ಕಂಡು ಬರುವುದೆಂಬುದು ಸಾಮಾನ್ಯವಾದ ಭಾವನೆ. ಕಳೆದ ಮಾಘಮಾಸದಲ್ಲಿ ನಾನು ಪುತ್ತೂರಿನಿಂದ ಸುಳ್ಯಕ್ಕೂ, ಅಲ್ಲಿಂದ ಕಡಬಕ್ಕೂ ಹೋದುದಾದರೋ ಒಂದು ಕೌದಿಗೆ ಅಂಚನ್ನು ಹುಡುಕುವುದಕ್ಕಾಗಿ. ಕಾರಣವು ಅಲ್ಪವೆಂದು ವಾಚಕರು ನಗಬಹುದು. ಆದರೆ ಆ ಕೌದಿಯ ಮೇಲುಹೊದಿಕೆಯನ್ನು ಕೂಡಿಸಿದವಳು ನನ್ನ ಗೃಹಿಣಿ. ಅದನ್ನು ಮುಗಿಸುವ ಮೊದಲೇ ಆಕೆ ತೀರಿಕೊಂಡಳು.

ನಮ್ಮ ಸೀಮೆಯ ಮನೆಗಳಲ್ಲಿ ಕೌದಿ ಅಷ್ಟಾಗಿ ಕಾಣದು. ವರುಷಕ್ಕೆ ನೂರೈವತ್ತು ಅಂಗುಲದಷ್ಟು ಮಳೆ ಸುರಿಯುವ ನಾಡಿನಲ್ಲಿ ದಪ್ಪನೆಯ ಹೊದಿಕೆಯನ್ನು ಒಗೆದರೆ ಆರುವ ಬಗೆಯೆಂತು? ಕಂಬಳಿ, ಹಳೆಯ ಸೀರೆಯ ಮಡಿಕೆ, ಇವುಗಳಲ್ಲಿಯೇ ನಮ್ಮ ಹಿರಿಯರು ಚಳಿಗಾಲವನ್ನು ಕಳೆದರು. ನನ್ನವಳು ಈ ವಿದ್ಯೆಯನ್ನು ಕಲಿತುದು ಧಾರವಾಡದ ನೆರೆಮನೆಯವರಿಂದ. ಹಳೆಯ ಸೀರೆಗಳ ತುಂಡುಗಳನ್ನು ಒಂದಕ್ಕೊಂದು ಕೂಡಿಸುತ್ತ ಬಂದ ಆಕೆಗೆ ಕೊನೆಯ ತಿಂಗಳುಗಳಲ್ಲಿ ಕಣ್ಣು ಮಂಜಾಯಿತು. ಎಡಗಡೆಯ ಎರಡು ಸಾಲುಗಳು ಓರೆಯಾದುವು. ಕೆಂಪು ತುಂಡುಗಳೆಲ್ಲ ಆ ಕಡೆಯೇ ಸೇರಿದುವು. ಬಲಗಡೆ ಮಾಸಲು ಬಿಳುಪೂ ಹಳದಿಯೂ ಉಳಿದುವು.

ಕಡಬದ ಬಳಿ ಕೊಟ್ಟ ನಮ್ಮ ಮಗಳು ಈಗ ತುಂಬಿದ ಬಸುರಿ. “ಅಪ್ಪ, ಅಮ್ಮ ಕೂಡಿಸಿದ್ದನ್ನು ಒಂದು ಕೌದಿ ಮಾಡಿ ಮಗುವಿಗೆ ಹಾಸಬೇಕು. ಅಂಚಿಗೆ ಬಟ್ಟೆ ತನ್ನಿ” ಎಂದು ಹೇಳಿ ಕಳುಹಿಸಿದಳು.

ಪುತ್ತೂರಿನಲ್ಲಿ ಮಹಾಲಿಂಗೇಶ್ವರನಿಗೆ ಕೈಮುಗಿದು ಪೇಟೆಗೆ ಬಂದೆನು. ಒಂದು ಅಂಗಡಿಯಲ್ಲಿ ಮಿರುಗುವ ಕೆಂಪು ಬಟ್ಟೆಯನ್ನು ಹರವಿದರು. ಇನ್ನೊಂದರಲ್ಲಿ, ಓರೆಯಾದ ಭಾಗವನ್ನು ಮೂರಂಗುಲ ಕತ್ತರಿಸಿಬಿಟ್ಟರೆ ಯಾವ ಅಂಚಾದರೂ ಸರಿಯಾಗುವುದೆಂದು ಸಲಹೆಯಿತ್ತರು. ಮಾತು ಯುಕ್ತವೇ. ಆದರೆ ಆ ಮೂರಂಗುಲದಲ್ಲಿಯೇ ಆಕೆಯ ಕೊನೆಯ ಹೊಲಿಗೆಯಿತ್ತು. ನಾನು ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಸುಳ್ಯದ ಬಸ್ಸನ್ನು ಹತ್ತಿದೆನು.

ಕುಂಬ್ರ, ಕಾವುಗಳನ್ನು ದಾಟಿ, ಅಡಕೆಯ ತೋಟಗಳ ನೆರಳಿನಲ್ಲಿ ದಾರಿ ಸಾಗುತ್ತದೆ. ಜಾಲ್ಸೂರಿನಲ್ಲಿ ಕಾಸರಗೋಡಿನ ಮಾರ್ಗವು ಕವಲೊಡೆಯುತ್ತದೆ. ಸುಳ್ಯದಲ್ಲಿ ಪಯಸ್ವಿನಿಯೆನ್ನಿಸಿಕೊಳ್ಳುವ ಹೊಳೆಯೇ ಆ ಕಡೆ ಚಂದ್ರಗಿರಿಯೆಂಬ ಹೆಸರಿನಿಂದ ಸಮುದ್ರವನ್ನು ಸೇರುವುದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ಜಿಲ್ಲೆಯ ಅಂಚು ಬದಲಾಯಿತು. ಹೊಳೆಯ ದಾರಿ ಮಾತ್ರ ಬದಲಾಗಲಿಲ್ಲ.

ಸುಳ್ಯದಲ್ಲಿ ಹೊಲಿಗೆಯ ಯಂತ್ರದ ಮುಂದೆ ಮುಪ್ಪಾದ ದರ್ಜಿಯೊಬ್ಬರು ಕುಳಿತಿದ್ದರು. ಅವರು ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಕತ್ತರಿಯನ್ನು ದೂರವಿಟ್ಟು, ಅಳತೆಯ ಪಟ್ಟಿಯನ್ನು ಮಾತ್ರ ಎತ್ತಿಕೊಂಡರು. ಎಡದ ಅಂಚು 62 ಅಂಗುಲ, ಬಲದ್ದು 59, ನಟ್ಟನಡುವೆ 60, ಅಗಲ 48.

“ಮಾಷ್ಟ್ರೇ, ಅಂಚಿನ ಉದ್ದಕ್ಕೆ ಪಟ್ಟಿ ಕತ್ತರಿಸಿದರೆ ಓರೆಯೂ ಹಾಗೆಯೇ ಉಳಿಯುತ್ತದೆ, ತುದಿಯೂ ಅಲೆಯಲೆಯಾಗುತ್ತದೆ. ಮೂರು ಅಳತೆಗಳನ್ನೂ ಕೂಡಿ ಮೂರರಿಂದ ಭಾಗಿಸಿ” ಎಂದರು.

ಲೆಕ್ಕ ಹಾಕಿದೆನು, ಅರುವತ್ತಕ್ಕೆ ತುಸು ಮೇಲೆ ಬಂದಿತು. ಎರಡು ಬದಿಯ ಪಟ್ಟಿಗಳನ್ನೂ ಅರುವತ್ತೇ ಅಂಗುಲಕ್ಕೆ ಸಮನಾಗಿ ಕತ್ತರಿಸಬೇಕು. ಪಟ್ಟಿಯ ಎರಡು ತುದಿಗಳನ್ನೂ ನಡುವನ್ನೂ ಹೊದಿಕೆಯ ತುದಿಗಳಿಗೂ ನಡುವಿಗೂ ಗುಂಡುಸೂಜಿಯಿಂದ ಹಿಡಿಸಬೇಕು. ಎಡಗಡೆ ಮಿಕ್ಕ ಎರಡಂಗುಲವನ್ನು ಒಂದೇ ಕಡೆ ನೆರಿಗೆ ಬೀಳಗೊಡದೆ ಉದ್ದಕ್ಕೂ ಹಂಚಿ ಹೊಲಿಯಬೇಕು. ಬಲಗಡೆ ಒಂದಂಗುಲವನ್ನು ಮೆಲ್ಲನೆ ಎಳೆದು ಸರಿದೂಗಿಸಬೇಕು. ಬದಿಗಳು ಮುಗಿದ ಮೇಲೆ ಅವುಗಳನ್ನೂ ಸೇರಿಸಿ ನಡುವಿನ ಅಗಲವನ್ನು ಅಳೆದು, ಮೇಲಿನ ಮತ್ತು ಕೆಳಗಿನ ಪಟ್ಟಿಗಳನ್ನು ಕತ್ತರಿಸುವುದು.

ಬಣ್ಣದ ವಿಷಯ ಕೇಳಿದೆನು. ಕೆಂಪನ್ನು ಅವರು ಒಪ್ಪಲಿಲ್ಲ. ಕೆಂಪು ಅಂಚು ಎಡದ ಕೆಂಪಿನೊಡನೆ ಸೇರಿ ತೂಕವನ್ನು ಇನ್ನಷ್ಟು ಅತ್ತಲೇ ವಾಲಿಸುವುದು. ಬಿಳಿಯದಾದರೆ ಬಲಗಡೆ ಕರಗಿಹೋಗುವುದು. ಹುಡುಕಿದಾಗ ಬಲಭಾಗದಲ್ಲಿ ಎರಡು, ಎಡದಲ್ಲಿ ಒಂದು ಕಡುಹಸುರಿನ ಚಿಕ್ಕ ತುಂಡುಗಳು ಕಂಡುವು. “ಒಳಗೆ ಸ್ವಲ್ಪವೇ ಇರುವ ಬಣ್ಣ ಸುತ್ತಲೂ ಬರಲಿ. ಮೂರು ಬದಿಗೆ ನಾಲ್ಕಂಗುಲ, ತೆಳು ಬಣ್ಣದ ಬಲಬದಿಗೆ ಆರಂಗುಲ” ಎಂದು ತೀರ್ಮಾನವಾಯಿತು. ಎರಡು ಮೀಟರು ಹಸುರು ಹತ್ತಿಬಟ್ಟೆ ಕೊಂಡೆನು. ಅದನ್ನು ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಬೇಕೆಂದು ಅವರು ಎಚ್ಚರಿಸಿದರು. ಹೊಸ ಬಟ್ಟೆ ಕುಗ್ಗಿದರೂ ಬಣ್ಣ ಬಿಟ್ಟರೂ ಕೆಡುವುದು ಹಳೆಯದೇ.

ಬೆಳ್ಳಾರೆ, ಪಂಜಗಳ ಮಾರ್ಗವಾಗಿ ಕಡಬಕ್ಕೆ ಹೊರಟೆನು. 1837ರ ಅಮರಸುಳ್ಯದ ದಂಗೆಯಲ್ಲಿ ರೈತರು ಕುಂಪಣಿಯ ಖಜಾನೆಯನ್ನು ವಶಪಡಿಸಿಕೊಂಡುದು ಈ ಬೆಳ್ಳಾರೆಯಲ್ಲಿಯೇ. ಕಡಬವೂ ಒಂದು ರೀತಿಯಲ್ಲಿ ಕೌದಿಯೇ ಸರಿ: ಪುತ್ತೂರಿನ ಕೆಲವು ಗ್ರಾಮಗಳನ್ನೂ ಸುಳ್ಯದ ಕೆಲವನ್ನೂ ಕೂಡಿಸಿ ಈಚೆಗೆ ಮಾಡಿದ ತಾಲೂಕು. ಸುಬ್ರಹ್ಮಣ್ಯ ಕ್ಷೇತ್ರವು ಮೊದಲು ಸುಳ್ಯದಲ್ಲಿದ್ದುದು, ಈಗ ಕಡಬಕ್ಕೆ ಸೇರಿದೆ. ಎಲ್ಲ ತುಂಡುಗಳ ನಡುವೆ ಕುಮಾರಧಾರೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ.

ದಾರಿಯಲ್ಲಿ ಉತ್ತರ ಕನ್ನಡದ ಸಿದ್ದಿ ಸ್ತ್ರೀಯರ ನೆನಪಾಯಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳಲ್ಲಿ ಅವರು ಹೊಲಿಯುವ ಕವಂದಿಯನ್ನು ಅಂಚಿನಿಂದಲೇ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ; ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫೂಲು’ಗಳನ್ನಿಟ್ಟು ಮುಗಿಸುತ್ತಾರೆ. ಹಾಗೆ ಮಾಡುವವರಿಗೆ ಕೊನೆಯಲ್ಲಿ ಅಂಚನ್ನು ಅರಸುವ ಕಷ್ಟವಿಲ್ಲ. ನಡುವಿನಿಂದ ಆರಂಭಿಸಿದ ನಮ್ಮಂತಹವರಿಗೆ ಮಾತ್ರ ಬದುಕಿನ ಓರೆಕೋರೆಗಳೆಲ್ಲ ತುದಿಗೆ ಬಂದು ನಿಲ್ಲುತ್ತವೆ. ಸಂಸ್ಕೃತದಲ್ಲಿ ‘ದಶಾ’ ಎಂಬ ಒಂದೇ ಪದಕ್ಕೆ ವಸ್ತ್ರದ ಅಂಚೆಂದೂ ಬಾಳಿನ ಅವಸ್ಥೆಯೆಂದೂ ಅರ್ಥವಿದೆ. ಮೂವತ್ತು ವರುಷ ಹುಡುಗರಿಗೆ ಅದನ್ನು ಹೇಳಿಕೊಟ್ಟವನು ಅಂದು ಬಸ್ಸಿನಲ್ಲಿ ಕುಳಿತು ಅದನ್ನು ತಿಳಿದುಕೊಂಡೆನು.

ಮಗಳು ಅಳತೆಯಂತೆಯೇ ಹೊಲಿದಳು. ಕೌದಿ ಚೌಕವಾಗಿ ಕುಳಿತಿತು. ಹಸುರು ಅಂಚಿನೊಳಗೆ ಕೆಂಪು ಒಂದೆಡೆಗೆ ವಾಲಿದಂತೆ ಕಾಣಲಿಲ್ಲ. ಎಡಗಡೆ ಮಾತ್ರ ಎಷ್ಟು ಹಂಚಿದರೂ ಒಂದು ಸಣ್ಣ ಉಬ್ಬು ಉಳಿಯಿತು. ಬಿಚ್ಚಿ ಮತ್ತೆ ಹೊಲಿಯೋಣವೇ ಎಂದು ಕೇಳಿದೆನು.

“ಬೇಡ ಅಪ್ಪ. ಕತ್ತಲೆಯಲ್ಲಿ ಕೈಯಾಡಿಸಿದರೂ ಅಮ್ಮ ಹೊಲಿದ ಕಡೆ ಯಾವುದೆಂದು ತಿಳಿಯುತ್ತದೆ. ಮಗುವಿನ ತಲೆ ಆ ಕಡೆಗೇ ಇರಲಿ” ಎಂದಳು.

ಮರುದಿನ ಕೌದಿಯನ್ನು ಅಂಗಳದ ಬಿಸಿಲಿಗೆ ಹರವಿ, ನಾನು ಪುತ್ತೂರಿನ ಬಸ್ಸಿಗೆ ಹೊರಟೆನು.