ವೇಂಬನಾಡಿನ ನೀರಿನ ಮೇಲೆ

ಕೇರಳದಲ್ಲಿ ಮುಹಮ್ಮ ಎಂಬ ಊರಿದೆ ಎಂದಾಗ ನನ್ನ ಆರು ವರ್ಷದ ಮಗ ನಂಬಲೇ ಇಲ್ಲ. "ಅದು ಮನುಷ್ಯರ ಹೆಸರಲ್ವಾ ಅಬ್ಬಾ?" ಎಂದ. ಡಿಸೆಂಬರ್ ರಜೆಯಲ್ಲಿ ಮಂಗಳೂರಿನಿಂದ ರಾತ್ರಿ ರೈಲು ಹತ್ತಿ ಆಲಪ್ಪುಝದಲ್ಲಿ ಇಳಿದು ನಾವು ಸೇರಿದ್ದು ಅದೇ ಮುಹಮ್ಮಕ್ಕೆ. ಎದುರಿಗೆ ವೇಂಬನಾಡು ಸರೋವರ. ಉದ್ದದಲ್ಲಿ ಭಾರತದಲ್ಲೇ ದೊಡ್ಡದು, ಸುಮಾರು 96 ಕಿಲೋಮೀಟರ್. ಬೆಳಗಿನ ಮಂಜಿನಲ್ಲಿ ಆಚೆ ದಡದ ಕುಮರಗಂ ಕಾಣುತ್ತಲೇ ಇರಲಿಲ್ಲ.

ಬಾಡಿಗೆಗೆ ಸಿಕ್ಕಿದ್ದು ಪುಟ್ಟ ಮೋಟಾರು ದೋಣಿ. ಮಕ್ಕಳು ಹಾರಿ ಕುಳಿತರು, ನಾನೂ ಕುಳಿತೆ. ಪತ್ನಿ ಮಾತ್ರ ದಡದಲ್ಲೇ ನಿಂತು "ಲೈಫ್ ಜಾಕೆಟ್ ಎಲ್ಲಿ?" ಎಂದಳು. ಸೀಟಿನ ಕೆಳಗೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮೂರಿದ್ದವು. ಮೂರೂ ದೊಡ್ಡವರ ಅಳತೆಯವು, ನಾವು ನಾಲ್ವರು. ನೀರು ಆಳವಿಲ್ಲ ಎಂದು ದೋಣಿಯವನು ನಕ್ಕ. ನಾನು ಹತ್ತಿದ ಕೂಡಲೇ ದುಆ ಓದಿದ್ದೆ, ಅದನ್ನೇ ಹೇಳಿದೆ. ಅವಳು, "ಮೊದಲು ಒಂಟೆ ಕಟ್ಟಿ, ಆಮೇಲೆ ತವಕ್ಕುಲ್ ಅಂತ ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವರು ನೀವೇ ಅಲ್ವಾ?" ಎಂದಳು. ಮತ್ತೆ ನಾನು ಬಾಯಿ ತೆರೆಯಲಿಲ್ಲ. ಬೇರೆ ದೋಣಿಯಿಂದ ಚಿಕ್ಕ ಜಾಕೆಟ್‌ಗಳು ಬರಲು ಅರ್ಧ ಗಂಟೆ ಹಿಡಿಯಿತು. ನಿಜ ಹೇಳಬೇಕೆಂದರೆ ಆ ಅರ್ಧ ಗಂಟೆ ನನಗೆ ನಾಚಿಕೆಯಾಗಿತ್ತು, ಅವಳ ಬಗ್ಗೆ ಸಿಟ್ಟೂ ಬಂದಿತ್ತು.

ದೋಣಿ ಮೊದಲು ಪಾತಿರಾಮಣಲ್ ದ್ವೀಪದತ್ತ ಹೋಯಿತು. ಪಾತಿರಾ ಎಂದರೆ ನಡುರಾತ್ರಿ, ಮಣಲ್ ಎಂದರೆ ನಮ್ಮ ಮರಳು. ಗೂಟಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದವು. ಅಲ್ಲಲ್ಲಿ ಚಿಕ್ಕ ದೋಣಿಗಳಲ್ಲಿ ನಿಂತ ಗಂಡಸರು ಉದ್ದ ಕೋಲಿಗೆ ಕಟ್ಟಿದ ಬಲೆಯಿಂದ ತಳದ ಕಪ್ಪೆಚಿಪ್ಪು ಬಾಚುತ್ತಿದ್ದರು. ಅದನ್ನು ಬೇಯಿಸಿ ಮಾಂಸ ಬಿಡಿಸುವುದು ಮನೆಯ ಹೆಂಗಸರ ಕೆಲಸ. ಚಿಪ್ಪು ಸುಣ್ಣಕ್ಕೆ ಹೋಗುತ್ತದೆ. ಈಗ ಚಿಪ್ಪು ಕಡಿಮೆ ಎಂದ ದೋಣಿಯವನು. ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿವೆ. ಉಪ್ಪುನೀರು ಅಲ್ಲಿಗೆ ನುಗ್ಗದಂತೆ 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂನಲ್ಲಿ ಒಡ್ಡು ಕಟ್ಟಿದರು. ಬೇಸಿಗೆಯಲ್ಲಿ ಬಾಗಿಲು ಮುಚ್ಚಿದರೆ ಭತ್ತಕ್ಕೆ ಒಳ್ಳೆಯದು, ಉಪ್ಪು ಬೇಕಾದ ಚಿಪ್ಪಿಗೆ ಕಷ್ಟ. ಸಿಹಿನೀರಿನಲ್ಲಿ ಕೊಬ್ಬುವ ಅಂತರಗಂಗೆ ಎರಡು ಸಲ ನಮ್ಮ ಮೋಟಾರಿಗೂ ಸುತ್ತಿಕೊಂಡಿತು.

ಎರಡನೆಯ ಸಲ ಎಂಜಿನ್ ನಿಂತಾಗ ಸುತ್ತಲೂ ನೀರು ಬಿಟ್ಟರೆ ಏನೂ ಇರಲಿಲ್ಲ. ಬಳ್ಳಿ ಕೀಳುತ್ತಲೇ ದೋಣಿಯವನು ತಾನಾಗಿ ಮಾತು ತೆಗೆದ. 2002ರ ಜುಲೈ 27ರಂದು ಇದೇ ಮುಹಮ್ಮದಿಂದ ಹೊರಟ ಸರಕಾರಿ ಬೋಟು ಕುಮರಗಂ ಹತ್ತಿರ ಮುಳುಗಿ 29 ಜನ ತೀರಿಕೊಂಡರು. ಕಿಕ್ಕಿರಿದಿದ್ದ ಬೋಟಿನಲ್ಲಿ ಹೆಚ್ಚಿನವರು ಸರಕಾರಿ ಕೆಲಸದ ಪರೀಕ್ಷೆ ಬರೆಯಲು ಹೊರಟ ಯುವಕ ಯುವತಿಯರು. ಅವನ ಅಣ್ಣ ಚಿಪ್ಪು ಬಾಚುವ ದೋಣಿಯಲ್ಲೇ ಅವರನ್ನು ಎತ್ತಲು ಹೋಗಿದ್ದನಂತೆ. "ಆಳವಿಲ್ಲ ಅಂದೆನಲ್ಲ, ಅಲ್ಲೂ ಆಳವಿರಲಿಲ್ಲ" ಎಂದ. ನನಗೆ 2023ರ ಮೇ 7ರ ತಾನೂರು ನೆನಪಾಯಿತು. ಪ್ರವಾಸಿ ದೋಣಿ ಮಗುಚಿ ಅಲ್ಲಿ ಹೋದ 22 ಜೀವಗಳಲ್ಲಿ ಮಕ್ಕಳೇ ಹೆಚ್ಚು. ಮಗನ ಜಾಕೆಟಿನ ಪಟ್ಟಿ ಸಡಿಲವಾಗಿತ್ತು, ಬಿಗಿದೆ. ಪತ್ನಿ ನೋಡಿದಳು, ಏನೂ ಹೇಳಲಿಲ್ಲ.

ಕುಮರಗಂನಲ್ಲಿ ಇಳಿಯುವಾಗ ಇನ್ನೊಂದು ಕುಟುಂಬ ದೋಣಿ ಹತ್ತುತ್ತಿತ್ತು. ತಾಯಿಯ ಕಂಕುಳಲ್ಲಿ ಕೂಸು. ಪತ್ನಿ ನೇರ ಅವಳ ಬಳಿ ಹೋಗಿ ತನ್ನ ಬ್ಯಾರಿ ಭಾಷೆಯಲ್ಲೇ ಏನೋ ಹೇಳಿದಳು. ಆ ತಾಯಿ ಹತ್ತಿದವಳು ಮತ್ತೆ ಕೆಳಗಿಳಿದಳು. ಅವರ ದೋಣಿಯವನು ಗೊಣಗುತ್ತಾ ಸೀಟಿನ ಕೆಳಗೆ ಹುಡುಕತೊಡಗಿದ.