ಹೆಪ್ಪಿನ ಬಟ್ಟಲು

ಹೊರ್ತಿಯ ಮನೆಯಲ್ಲಿ ಕೂತು ಪರವೂರಿನ ಗಿರಾಕಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕಸುಬು. ಹೊರಗೆ ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಲಾರಿಗಳ ಸದ್ದು, ಒಳಗೆ ನನ್ನ ಕೀಲಿಮಣೆಯ ಟಪಟಪ. ಅವ್ವನ ಲೆಕ್ಕದಲ್ಲಿ ಇದು ಕೆಲಸವೇ ಅಲ್ಲ. ‘ಮುಂಜಾನಿಂದ ಕುಂತ್ ಕುಟ್ಟಾಕತ್ತಿ, ಒಂದ್ ಸೇರು ಹಿಟ್ಟರ ಆತೇನು?’ ಎನ್ನುತ್ತಾಳೆ.

ಸಲಕರಣೆಗಳ ವಿಷಯದಲ್ಲಿ ನಾನು ತುಸು ಹಟಮಾರಿ. ನೆಟ್‌ವರ್ಕ್ ಇಲ್ಲದಿದ್ದರೆ ಒಂದು ಚೀಟಿಯನ್ನೂ ತೆರೆಯಲೊಲ್ಲದ ಆ್ಯಪ್ ಕಂಡರೆ ನನಗೆ ಆಗದು. ನಮ್ಮೂರಿನಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಬೀಗರಿದ್ದಂತೆ. ಬಂದಾಗ ಬಂದವು, ಹೋದಾಗ ಹೋದವು. ಅದಕ್ಕೇ ಗಿಟ್ ನನಗೆ ಇಷ್ಟ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಈ ತಂತ್ರಾಂಶ ನಾನು ಮಾಡಿದ ತಿದ್ದುಪಡಿಗಳ ಪೂರ್ತಿ ಚರಿತ್ರೆಯನ್ನು ನನ್ನ ಲ್ಯಾಪ್‌ಟಾಪಿನಲ್ಲೇ ಇಟ್ಟಿರುತ್ತದೆ. ಹೋದ ವರ್ಷ ಮಾಡಿದ ತಪ್ಪನ್ನು ನೋಡಲು ಯಾರ ಅಪ್ಪಣೆಯೂ ಬೇಡ.

ಈ ಕಸುಬಿನ ನಿಜವಾದ ರುಚಿ ಇರುವುದು ಹುಳುಕು ಹುಡುಕುವುದರಲ್ಲಿ. ಇಂಡಿ ಕಡೆಯ ನಿಂಬೆ ವ್ಯಾಪಾರಿಯೊಬ್ಬರಿಗೆ ಲೆಕ್ಕದ ಪ್ರೋಗ್ರಾಮು ಬರೆದುಕೊಟ್ಟಿದ್ದೆ. ಒಂದು ದಿನ ಫೋನು ಬಂತು: ‘ಸರ, ಹೊರ್ತಿ ಅಂತ ಹುಡುಕಿದ್ರ ಅರ್ಧಾ ರೈತ್ರು ಮಂಗಮಾಯ ಆಗ್ಯಾರ್ರಿ!’

ಪಟ್ಟಿಯಲ್ಲಿ ಹೆಸರುಗಳು ಕಣ್ಣೆದುರೇ ಇವೆ, ಹುಡುಕಿದರೆ ಇಲ್ಲ. ಎರಡು ರಾತ್ರಿ ತಲೆ ಕೆರೆದುಕೊಂಡೆ. ನೋಡಲು ಹೊರ್ತಿ ಎರಡೇ ಅಕ್ಷರ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಬರೆದರೆ ಆರು ಕೀಲಿ: ಹ, ಒತ್ವ, ರ, ಹಲಂತ, ತ, ಗುಡಿಸು. ಯೂನಿಕೋಡಿನಲ್ಲೂ ಆರೇ ಸಂಕೇತ. ಯುಟಿಎಫ್-8ರಲ್ಲಿ ತಲಾ ಮೂರರಂತೆ 18 ಬೈಟು. ಆದರೆ ಒತ್ವಕ್ಕೆ ಇನ್ನೊಂದು ವೇಷವಿದೆ. ಎತ್ವದ ಮುಂದೆ ಕೊಂಬಿನ ದೀರ್ಘ ಇಟ್ಟರೂ ಯೂನಿಕೋಡ್ ಅದನ್ನು ಒತ್ವವೆಂದೇ ಒಪ್ಪುತ್ತದೆ. ಆಗ ಸಂಕೇತ ಏಳು, ಬೈಟು 21. ನಮ್ಮ ಕಣ್ಣಿಗೆ ಒಂದೇ ಊರು, ಯಂತ್ರಕ್ಕೆ ಎರಡು! ಬೇರೆ ಬೇರೆ ಕಡೆಯಿಂದ ಬಂದ ಪಟ್ಟಿಗಳು ಸೇರಿ, ಅರ್ಧ ರೈತರು ಏಳು ಸಂಕೇತಗಳ ಹೊರ್ತಿಯಲ್ಲಿ ಕೂತುಬಿಟ್ಟಿದ್ದರು.

ಮದ್ದು ಪೈಥಾನ್ ಭಾಷೆಯೊಳಗೇ ಇತ್ತು. ‘ನಾರ್ಮಲೈಸ್’ ಎಂಬ ಒಂದು ಕರೆ, ಒಂದೇ ಸಾಲು. ಎಲ್ಲ ಹೆಸರುಗಳೂ ಒಂದೇ ರೂಪಕ್ಕೆ ಬಂದು ರೈತರೆಲ್ಲ ಊರು ಸೇರಿದರು. ಆ ಕ್ಷಣದ ಸುಖವನ್ನು ಅವ್ವನಿಗೆ ಹೇಗೆ ಹೇಳಲಿ? ಆದರೂ ಹೇಳಿದೆ. ಮೊದಲೇ ಒತ್ತಿದ ರ ಪರದೆಯ ಮೇಲೆ ತಿ ದಾಟಿ ಅರ್ಕಾವತ್ತಾಗಿ ಕೂರುವುದನ್ನೂ ತೋರಿಸಿದೆ. ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸಿನಲ್ಲಿ ಅದನ್ನು ಹಾಗೆ ಕೂರಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅದನ್ನು ಬೆಳೆಸಿದವರಲ್ಲಿ ಮುಖ್ಯರು ಇರಾನಿನಲ್ಲಿ ಹುಟ್ಟಿದ ಬೆಹ್ದಾದ್ ಎಸ್ಫಹಬೋದ್.

‘ನಮ್ಮೂರ ಹೆಸರು ಬರಿಯಾಕ ಅವಂಗ ಎಷ್ಟ್ ಕೊಟ್ಟಿ?’

‘ಏನೂ ಇಲ್ಲವ್ವಾ. ಪುಕ್ಕಟ.’

‘ಪುಕ್ಕಟ ಯಾಕ ಕೊಡ್ತಾರೋ?’

ಮುಕ್ತ ತಂತ್ರಾಂಶಕ್ಕೆಂದು ರಿಚರ್ಡ್ ಸ್ಟಾಲ್ಮನ್ ಬರೆದ 1989ರ ಜಿಪಿಎಲ್ ಲೈಸೆನ್ಸು ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಬಟ್ಟಲು ಹಿಡಿದು ಬಂದಳು: ‘ಆಯೀ, ಹೆಪ್ಪು ಕೊಡಬೇಕಂತ.’ ಅವ್ವ ಗಡಿಗೆಯಿಂದ ಒಂದು ಚಮಚ ಮೊಸರು ಹಾಕಿ ಕಳಿಸಿದಳು.

‘ನೀ ಯಾಕ ಪುಕ್ಕಟ ಕೊಟ್ಟಿ?’ ಎಂದೆ.

‘ಹುಚ್ಚಪ್ಯಾ, ಹೆಪ್ಪಿಗೆ ಯಾರರ ರೊಕ್ಕಾ ತಗೋತಾರೇನು? ಕೊಟ್ರ ನಮ್ಮ ಗಡಗಿ ಬರಿದಾಗಂಗಿಲ್ಲ. ನಾಳಿ ನಮ್ಮಲ್ಲಿ ಇರಲಿಲ್ಲಂದ್ರ ಅವರ ಮನಿಯಿಂದನ ತರಬೇಕು. ತಗೊಂಡಾಕಿ ಕೇಳ್ದೋರಿಗಿ ಇಲ್ಲ ಅನಬಾರ್ದು, ಅಷ್ಟ.’

ಲಿನಕ್ಸ್, ಗಿಟ್ ಎರಡಕ್ಕೂ ಅಂಟಿಕೊಂಡಿರುವ ಜಿಪಿಎಲ್ ಹೇಳುವುದೂ ಇಷ್ಟೇ: ತಿದ್ದಿದ್ದನ್ನು ಇನ್ನೊಬ್ಬರಿಗೆ ಹಂಚಿದರೆ, ಅದರ ಮೂಲವನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ಪುಟಗಟ್ಟಲೆ ಕಾನೂನನ್ನು ಅವ್ವ ಒಂದು ಚಮಚದಲ್ಲಿ ಮುಗಿಸಿದ್ದಳು. ನಾನು ಸುಮ್ಮನೆ ಲ್ಯಾಪ್‌ಟಾಪ್ ಮುಚ್ಚಿದೆ.

‘ಆದ್ರ ದೀಪ ಹಚ್ಚಿದ ಮ್ಯಾಲ ಕೊಡಂಗಿಲ್ಲ ನೋಡು’ ಎಂದಳು, ಗಡಿಗೆಯ ಬಾಯಿ ಮುಚ್ಚುತ್ತ.

ಸರಿಯೇ. ಷರತ್ತಿಲ್ಲದ ಲೈಸೆನ್ಸು ಎಲ್ಲಿದೆ?