ಶೆಟ್ಟಿಹಳ್ಳಿಯ ಒಂದು ಕಲ್ಲು

ಹೋದ ಮಾರ್ಚ್‌ನಲ್ಲಿ ನಮ್ಮ ಮನೆಯಲ್ಲಿ ಒಂದು ಕಲ್ಲಿನ ವಿಷಯಕ್ಕೆ ಜಗಳ ಆಯ್ತು. ಸಾಮಾನ್ಯವಾಗಿ ನಮ್ಮಲ್ಲಿ ಜಗಳ ಆಗೋದು ಪಾತ್ರೆ ತೊಳೆಯೋ ಸರದಿಗೆ, ಇಲ್ಲಾ ಹೀಟರ್ ಎಷ್ಟಕ್ಕೆ ಇಡಬೇಕು ಅನ್ನೋದಕ್ಕೆ. ಅವೆಲ್ಲ ಕಾಫಿ ಕುಡಿಯೋ ಹೊತ್ತಿಗೆ ಮುಗಿದಿರುತ್ತವೆ. ಈ ಜಗಳದಲ್ಲಿ ಮಾತ್ರ ಇಬ್ಬರು ಎರಡು ದಿನ ಮಾತು ಬಿಟ್ಟರು. ಸೀಕಾಕಸ್‌ನ ಈ ಬಾಡಿಗೆ ಮನೆಯಲ್ಲಿ ನಾವಿರೋದು ನಾಲ್ಕು ಜನ. ಒಬ್ಬ ಹಾಸನದ ಕಡೆಯವನು, ಒಬ್ಬ ಕೆ.ಆರ್. ಪೇಟೆಯವನು, ಇಬ್ಬರು ಹುಬ್ಬಳ್ಳಿಯವರು. ಮೂವರಿಗೆ ವೇರ್‌ಹೌಸ್ ಶಿಫ್ಟ್, ಒಬ್ಬನಿಗೆ ಹೋಟೆಲ್ ಅಡುಗೆಮನೆ. ನಾಲ್ವರೂ ಎದುರುಬದುರು ಕೂತು ಉಣ್ಣೋದು ಭಾನುವಾರ ಮಾತ್ರ.

ಹಾಸನದವನ ತಂದೆ ಹೋದ ವರ್ಷ ಜುಲೈನಲ್ಲಿ ತೀರಿಕೊಂಡರು. ಇವನ ಕಾಗದಪತ್ರ ಅರ್ಧದಲ್ಲಿತ್ತು, ಹೋದರೆ ವಾಪಸ್ ಬರೋದು ಕಷ್ಟ ಅನ್ನೋ ಸ್ಥಿತಿ. ಇದನ್ನು ಓದೋರಲ್ಲಿ ಎಷ್ಟೋ ಜನಕ್ಕೆ ಆ ಸ್ಥಿತಿ ಗೊತ್ತಿರುತ್ತೆ, ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಪೂಜೆ, ನಮಗಿಲ್ಲಿ ರಾತ್ರಿ ಒಂದೂವರೆ. ನಾಲ್ವರೂ ಸೋಫಾ ಮೇಲೆ ಕೂತು ಒಂದೇ ಫೋನ್‌ನಲ್ಲಿ ಮಣ್ಣು ಮಾಡೋದನ್ನ ನೋಡಿದೆವು. ಮಳೆ ಜೋರಾಗಿತ್ತು. ಯಾರೋ ಫೋನ್ ಮೇಲೆ ಕೊಡೆ ಹಿಡಿದಿದ್ದರು, ಅರ್ಧ ಹೊತ್ತು ಕೊಡೆಯ ಅಂಚೇ ಕಾಣ್ತಿತ್ತು.

ಮಾರ್ಚ್‌ನಲ್ಲಿ ಅವನ ಅವ್ವ ಫೋನ್ ಮಾಡಿದರು. ವರ್ಷದ ಪೂಜೆಯ ಹೊತ್ತಿಗೆ ಸಮಾಧಿ ಕಟ್ಟಿಸಬೇಕು. "ಮಗಾ, ನಿಮ್ಮಪ್ಪ ಹುಟ್ಟಿದ್ದು ಶೆಟ್ಟಿಹಳ್ಳೀಲಿ, ಜ್ಞಾನಸ್ನಾನ ಆಗಿದ್ದು ಆ ಹಳೇ ಚರ್ಚಲ್ಲಿ. ಅಲ್ಲಿಂದ ಒಂದೇ ಒಂದು ಕಲ್ಲು ತಂದು ತಲೆ ಕಡೆ ಇಟ್ರೆ ಆಗಲ್ವಾ? ನಿಮ್ಮಣ್ಣಂಗೆ ಹೇಳು, ನೀರು ಇಳಿದಾಗ ಹೋಗಿ ಬರ್ಲಿ."

ಶೆಟ್ಟಿಹಳ್ಳಿ ಚರ್ಚನ್ನು ನೀವೂ ನೋಡಿರ್ತೀರಿ, ಫೋಟೋದಲ್ಲಾದರೂ. ಹಾಸನದಿಂದ ಸುಮಾರು 20 ಕಿ.ಮೀ. ದೂರ, ಹೇಮಾವತಿ ಹಿನ್ನೀರಿನ ದಡ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ. ಆ ಸೀಮೆಗೆ ಫ್ರೆಂಚ್ ಪಾದ್ರಿಗಳು ಅದಕ್ಕೂ ಮುಂಚಿನಿಂದ ಓಡಾಡಿದ್ದಾರೆ. ಜನ ದೊಡ್ಡಸ್ವಾಮಿ ಅಂತಿದ್ದ ಅಬ್ಬೆ ದುಬಾಯ್ ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ಬೇಸಾಯದ ಕುಟುಂಬಗಳನ್ನ ನೆಲೆ ನಿಲ್ಲಿಸಿ, 1823ರಲ್ಲಿ ಫ್ರಾನ್ಸ್‌ಗೆ ವಾಪಸ್ ಹೋದರು. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, 1979ರಲ್ಲಿ ಮುಗೀತು. ("ಅಮೆರಿಕಾದಲ್ಲಿ ಗೊರೂರು" ಬರೆದ ರಾಮಸ್ವಾಮಿ ಅಯ್ಯಂಗಾರ್ಯರ ಗೊರೂರೇ ಇದು. ನಮ್ಮ ಮನೆಯಲ್ಲಿ ಅದರ ಒಂದು ಹರಿದ ಪ್ರತಿ ಇದೆ, ಯಾರದು ಅಂತ ಯಾರಿಗೂ ಗೊತ್ತಿಲ್ಲ.) ಊರು ಎದ್ದು ಹೋಯ್ತು, ಚರ್ಚು ಅಲ್ಲೇ ನಿಂತಿತು. ಮಳೆಗಾಲದಲ್ಲಿ ಅರ್ಧಕ್ಕೂ ಮೇಲೆ ಮುಳುಗುತ್ತೆ, ಬೇಸಿಗೆಯಲ್ಲಿ ಬುಡದವರೆಗೂ ನಡೆದು ಹೋಗಬಹುದು. ಸೂರಿಲ್ಲ, ಬಾಗಿಲಿಲ್ಲ. ಚೂಪು ತುದಿಯ ಕಮಾನುಗಳು ಮಾತ್ರ ಆಕಾಶಕ್ಕೆ ತೆರೆದು ನಿಂತಿವೆ.

ಅವ್ವ ಕೇಳಿದ ಮೇಲೆ ಇನ್ನೇನು, ಅಣ್ಣನಿಗೆ ಹೇಳೋದು ಅಂತಲೇ ಇವನು ಹೊರಟಿದ್ದ. ಹುಬ್ಬಳ್ಳಿಯ ಒಬ್ಬ ಅದಕ್ಕೆ ದನಿಗೂಡಿಸಿದ: "ಬಿದ್ದಿದ್ದ ಕಲ್ಲ ತಗೊಂಡ್ರ ಏನಾಗ್ತೈತೋ?" ಕೆ.ಆರ್. ಪೇಟೆಯವನು ಬೇಡ ಅಂದ. "ನಿಮ್ಮಪ್ಪಂಗೆ ಒಂದು, ಇನ್ನೊಬ್ಬರ ಅಪ್ಪಂಗೆ ಒಂದು, ನೋಡೋಕೆ ಹೋದೋರು ಜೋಬಿಗೆ ಒಂದೊಂದು. ಆಮೇಲೆ ಅಲ್ಲಿ ಏನು ಉಳೀತದೆ ಗುರು?" ಅಂದ. ಹಾಸನದವನಿಗೆ ಎಲ್ಲಿಂದ ಸಿಟ್ಟು ಬಂತೋ: "ಹೇಮಾವತಿ ನಾಲೆ ನೀರು ಯಾರ ಗದ್ದೆಗೆ ಹೋಗೋದು? ನಿಮ್ಮ ಗದ್ದೆಗೆ. ನಿಮ್ಮ ಭತ್ತಕ್ಕೆ ನೀರಾಗ್ಲಿ ಅಂತ ನಮ್ಮೂರು ಮುಳುಗ್ತು. ಈಗ ಕಲ್ಲು ತಗೋಬೇಡ ಅನ್ನೋಕೂ ನೀನೇ ಬೇಕಾ?"

ಕೆ.ಆರ್. ಪೇಟೆಯವನು ತಟ್ಟೆ ಎತ್ತಿಕೊಂಡು ಒಳಗೆ ಹೋದ. ಅವನ ಮನೆಯಲ್ಲಿ ನಿಜಕ್ಕೂ ಎರಡು ಎಕರೆ ನಾಲೆ ಕೆಳಗಿದೆ. ಆ ದುಡ್ಡಿನಲ್ಲೇ ಅವನು ಓದಿದ್ದು.

ಎರಡು ದಿನ ಹಾಗೇ ಹೋಯ್ತು. ಮಾತು ಮತ್ತೆ ಶುರುವಾಗಿದ್ದು ನಮ್ಮ ಸೀಕಾಕಸ್‌ನ ಕಲ್ಲುಗಳಿಂದ. ಅದನ್ನೂ ಹೇಳ್ತೀವಿ.

ನಾವು ದಿನಾ ನ್ಯೂಯಾರ್ಕ್‌ಗೆ ಹೋಗೋ ರೈಲು ಹಡ್ಸನ್ ನದಿಯ ಕೆಳಗೆ ಹಾಯೋ ಸುರಂಗ 1910ರದು. ಅದೇ ವರ್ಷ ಶುರುವಾದ ಹಳೇ ಪೆನ್ ಸ್ಟೇಷನ್ ಮಾತ್ರ ಈಗಿಲ್ಲ. 1963ರ ಅಕ್ಟೋಬರ್ 28ರಂದು ಅದನ್ನ ಒಡೆಯೋಕೆ ಹಿಡಿದರು. ಮಸಾಚುಸೆಟ್ಸ್‌ನ ಮಿಲ್‌ಫರ್ಡ್‌ನಿಂದ ತಂದಿದ್ದ ನಸುಗೆಂಪು ಗ್ರಾನೈಟ್, ಕಂಬಗಳು, ಕೆತ್ತಿದ ಮೂರ್ತಿಗಳು ಲಾರಿಗಟ್ಟಲೆ ಬಂದು ಬಿದ್ದಿದ್ದು ಎಲ್ಲಿ ಗೊತ್ತಾ? ಇಲ್ಲೇ, ಸೀಕಾಕಸ್‌ನ ಜೌಗಿನಲ್ಲಿ. ಕಟ್ಟಡದ ಮೇಲಿದ್ದ 22 ಕಲ್ಲಿನ ಹದ್ದುಗಳಲ್ಲಿ ಎರಡು ಈಗಲೂ ಸೆವೆಂತ್ ಅವೆನ್ಯೂ ಕಡೆ ಸ್ಟೇಷನ್ ಹೊರಗೆ ಕೂತಿವೆ, ನಾವೆಲ್ಲ ಎಷ್ಟೋ ಸಲ ಅವುಗಳ ಪಕ್ಕ ನಿಂತು ಯಾರಿಗೋ ಕಾದಿದ್ದೀವಿ. ಆ ಒಡೆದ ನೋವಿಗೇ ನ್ಯೂಯಾರ್ಕ್‌ನವರು 1965ರಲ್ಲಿ ಹಳೇ ಕಟ್ಟಡ ಕಾಯೋ ಕಾನೂನು ತಂದರು.

ಆ ಭಾನುವಾರ ಹುಬ್ಬಳ್ಳಿಯವರಿಬ್ಬರು ಹಟ ಹಿಡಿದು ನಮ್ಮನ್ನೆಲ್ಲ ಲಾರೆಲ್ ಹಿಲ್ ಪಾರ್ಕ್‌ಗೆ ಎಳಕೊಂಡು ಹೋದರು, ಕಂಬ ಹುಡುಕೋಣ ಅಂತ. ಟರ್ನ್‌ಪೈಕ್ ಪಕ್ಕ ಕಾಣುತ್ತಲ್ಲ, ಕಪ್ಪು ಬಂಡೆಯ ಗುಡ್ಡ, ಹಳಬರು ಸ್ನೇಕ್ ಹಿಲ್ ಅಂತಾರೆ. ಅದನ್ನೇ ಜಲ್ಲಿಗೆ ಒಡೆದೊಡೆದು ಈಗ ಉಳಿದಿರೋದು ಒಂದು ತುಣುಕು. ಹ್ಯಾಕೆನ್‌ಸ್ಯಾಕ್ ಹೊಳೆ, ಆಳೆತ್ತರದ ಜೊಂಡು, ಚಳಿಗಾಳಿ. ಕಂಬ ಸಿಗಲಿಲ್ಲ, ಸಿಗೋ ಹಾಗೂ ಇರಲಿಲ್ಲ. ಅಲ್ಲೇ ಹತ್ತಿರ ಗತಿಯಿಲ್ಲದವರನ್ನ ಹೂಳ್ತಿದ್ದ ಕೌಂಟಿಯ ಸ್ಮಶಾನ ಇತ್ತು. ನಮ್ಮ ಸೀಕಾಕಸ್ ರೈಲು ನಿಲ್ದಾಣಕ್ಕೆ ಟರ್ನ್‌ಪೈಕ್‌ನಿಂದ ದಾರಿ ಮಾಡೋವಾಗ, 2003ರಲ್ಲಿ, 4,500ಕ್ಕೂ ಹೆಚ್ಚು ಜನರ ಅವಶೇಷಗಳನ್ನ ಅಗೆದು ಹ್ಯಾಕೆನ್‌ಸ್ಯಾಕ್‌ನ ಸ್ಮಶಾನಕ್ಕೆ ಸಾಗಿಸಿದರು. ಇದನ್ನ ಕೇಳಿ ಹಾಸನದವನು ಬಹಳ ಹೊತ್ತು ಸುಮ್ಮನಿದ್ದ. ನಾವು ದಿನಾ ಇಳಿಯೋ ಜಾಗ ಅದು.

ಹೊಳೆ ದಡದಲ್ಲಿ ಕೂತಾಗ ಕೆ.ಆರ್. ಪೇಟೆಯವನು ತಾನಾಗಿಯೇ ಕನ್ನಂಬಾಡಿ ಮಾತೆತ್ತಿದ. ಕೆ.ಆರ್.ಎಸ್. ಕಟ್ಟಿದಾಗ ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ಮುಳುಗಿತ್ತು. ಎಷ್ಟೋ ವರ್ಷಗಳ ನಂತರ ಖೋಡೇ ಫೌಂಡೇಶನ್‌ನವರು ಅದನ್ನ ಬಿಚ್ಚಿ, ಕಲ್ಲು ಕಲ್ಲಿಗೂ ಗುರುತು ಹಾಕಿ, ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಿದರು. "ನಮ್ಮ ಕಡೆ ದೇವ್ರು ಎದ್ದು ಬಂದ. ನಿಮ್ಮದನ್ನ ಯಾಕೆ ಹಾಗೆ ಎತ್ತಲಿಲ್ಲ ಅಂತ ನಾನೂ ಯೋಚನೆ ಮಾಡ್ತಿದ್ದೆ" ಅಂದ. ಅದು ಅವನ ಕ್ಷಮಾಪಣೆ. ಇನ್ನೊಬ್ಬನಿಗೆ ಅರ್ಥ ಆಯ್ತು.

ಉತ್ತರ ಮೇ ತಿಂಗಳಲ್ಲಿ ಅಣ್ಣ ಕೊಟ್ಟರು. ಅವರು ಬೈಕಲ್ಲಿ ಶೆಟ್ಟಿಹಳ್ಳಿಗೆ ಹೋಗಿ, ಗೋಡೆ ಬುಡದಲ್ಲಿ ನಿಂತು ನಮಗೆ ವಿಡಿಯೋ ಕಾಲ್ ಮಾಡಿದರು. ಕೆಳಗೆ ಬಿದ್ದಿದ್ದ ಒಂದು ಉಂಡೆಯನ್ನ ಕೈಗೆತ್ತಿಕೊಂಡರೆ ಅದು ಕಲ್ಲೇ ಅಲ್ಲ: ಇಟ್ಟಿಗೆ, ಅದಕ್ಕಂಟಿದ ಸುಣ್ಣದ ಗಾರೆ. ಬೆಲ್ಲ, ಮೊಟ್ಟೆ ಹಾಕಿ ಅರೆದ ಗಾರೆ ಅಂತ ಆ ಕಡೆ ಹೇಳ್ತಾರೆ. ಬೆರಳಲ್ಲಿ ಉಜ್ಜಿದರೆ ಬಿಳಿ ಪುಡಿ ಉದುರ್ತಿತ್ತು. ವರ್ಷಾ ವರ್ಷಾ ನೆನೆದು, ಮತ್ತೆ ಒಣಗಿ, ಮತ್ತೆ ನೆನೆದು. ದೇವಸ್ಥಾನದ್ದು ಕಣಶಿಲೆ, ಒಂದರ ಮೇಲೊಂದು ಕೂರಿಸಿದ್ದು, ಬಿಚ್ಚಿ ಜೋಡಿಸಬಹುದು. ಇದು ಇಟ್ಟಿಗೆ, ಗಾರೆ ಸೇರಿ ಒಂದೇ ಮೈ ಆಗಿರೋದು, ಬಿಚ್ಚಿದರೆ ಉಳಿಯೋದು ಪುಡಿ. ಹಾಗಂತ ಎಲ್ಲಾನೂ ಗಾರೆ ಮೇಲೆ ಹಾಕಿ ಕೈ ತೊಳಕೊಳ್ಳೋಕೂ ನಮಗೆ ಮನಸ್ಸಿಲ್ಲ. ಪೆನ್ ಸ್ಟೇಷನ್ನಿನದು ಗಟ್ಟಿ ಗ್ರಾನೈಟೇ, ಅದನ್ನೂ ಜೌಗಿಗೆ ಎಸೆದರಲ್ಲ. ದುಡ್ಡು ಹಾಕೋರು ಇದ್ದರೆ ಕಲ್ಲು ಉಳಿಯುತ್ತೆ.

"ಇದನ್ನ ಸಮಾಧಿ ಮೇಲಿಟ್ರೆ ಎರಡು ಮಳೆಗಾಲ ತಡೆಯಲ್ಲ ಕಣೋ" ಅಂದರು ಅಣ್ಣ. ಎತ್ತಿದ್ದನ್ನ ಎತ್ತಿದ ಕಡೆಯೇ ಇಟ್ಟರು.

ಆಗ ಹಾಸನದವನು, "ಅಣ್ಣಾ, ಟೇಪ್ ಐತಾ?" ಅಂದ. ಕಲ್ಲು ಬೇಡ, ಕಮಾನಿನ ಅಳತೆ ತಗೋ ಅಂತ. ಒಂದು ಕಿಟಕಿ ಕಮಾನಿನ ಅಗಲ, ಕಮಾನು ಶುರುವಾಗೋ ಕಡೆಯಿಂದ ತುದಿವರೆಗಿನ ಎತ್ತರ, ನೇರ ಎದುರಿಗೆ ನಿಂತು ಒಂದು ಫೋಟೋ. ಅಲ್ಲಿ ಟೇಪಿನ ಒಂದು ತುದಿ ಹಿಡಿಯೋಕೆ ಇನ್ನೊಬ್ಬರು ಬೇಕಾಯ್ತು, ಫೋಟೋ ತೆಗೆಸಿಕೊಳ್ಳೋಕೆ ಬಂದಿದ್ದ ಮದುವೆ ಜೋಡಿಯ ಹುಡುಗ ಶೇರ್ವಾನಿಯಲ್ಲೇ ಬಂದು ಹಿಡಿದ.

ಚೂಪು ಕಮಾನು ಬರೆಯೋದು ಹೇಗೆ ಅಂತ ನಮಗೆ ಗೊತ್ತಿರಲಿಲ್ಲ. ಹುಬ್ಬಳ್ಳಿಯವನ ಸೋದರಮಾವ ಗೌಂಡಿ, ಅವರನ್ನ ಕೇಳಿದೆವು. ಅಗಲದ ಗೆರೆ ಎಳೆದು, ಆ ಗೆರೆ ಮೇಲೆ ಎರಡು ಮೊಳೆ ಹೊಡೆಯೋದು. ಒಂದು ಮೊಳೆಗೆ ದಾರ ಕಟ್ಟಿ ಎದುರು ಕಡೆಯ ಬಾಗು ಎಳೆಯೋದು, ಇನ್ನೊಂದರಿಂದ ಈ ಕಡೆಯದು. ಎರಡೂ ಕೂಡೋ ಕಡೆ ತುದಿ. ಮೊಳೆ ಒಳಗೆ ಬಂದರೆ ಕಮಾನು ಕುಗ್ಗುತ್ತೆ, ಹೊರಗೆ ಹೋದರೆ ಚೂಪಾಗುತ್ತೆ. ಟಿವಿ ಬಂದಿದ್ದ ರಟ್ಟಿನ ಡಬ್ಬ ಬಿಚ್ಚಿ ಹಾಲ್‌ನಲ್ಲಿ ಹಾಸಿದೆವು. ಮೊಳೆಗೆ ಬದಲು ಸ್ಕ್ರೂಡ್ರೈವರ್, ದಾರಕ್ಕೆ ಬದಲು ಶೂ ಲೇಸು. ಲೇಸು ಹಿಗ್ಗುತ್ತೆ, ಮೊದಲ ಮೂರು ಕಮಾನು ಸೊಟ್ಟ. ನಾಲ್ಕನೇದು ಫೋಟೋಗೆ ಕೂಡ್ತು. ಸ್ಕ್ರೂಡ್ರೈವರ್ ಒತ್ತಿ ಹಿಡಿದಿದ್ದು ಕೆ.ಆರ್. ಪೇಟೆಯವನು, ಗೆರೆ ಎಳೆದಿದ್ದು ಹಾಸನದವನು. ಕಾರ್ಪೆಟ್‌ನಲ್ಲಿ ಎರಡು ತೂತು ಬಿದ್ದಿವೆ, ಮನೆ ಮಾಲೀಕರು ಇದನ್ನ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀವಿ.

ಅವ್ವನಿಗೆ ಹೇಳೋದೇ ಭಯ ಆಗಿತ್ತು. ಕಲ್ಲು ಕೇಳಿದ ತಾಯಿಗೆ ರಟ್ಟು ತೋರಿಸೋದು ಹೇಗೆ? ವಿಡಿಯೋದಲ್ಲಿ ಅದನ್ನ ಎತ್ತಿ ಹಿಡಿದೆವು. ಅವರು ಫೋನನ್ನ ಮುಖಕ್ಕೆ ಹತ್ತಿರ ತಂದರು, ನಮಗೆ ಅವರ ಹಣೆ ಮಾತ್ರ ಕಂಡಿತು.

"ಕಲ್ಲು ತರಲಿಲ್ಲ ಅವ್ವಾ" ಅಂದ ಇವನು.

"ನಿಮ್ಮಪ್ಪ ಯಾವತ್ತೂ ಕಲ್ಲು ಕೇಳಿರ್ಲಿಲ್ಲ ಮಗಾ. ಕೇಳಿದ್ದು ನಾನು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ನಿಂತಿರೋದು ನಿಂತಿರ್ಲಿ. ತುದಿ ಮೇಲೆ ಶಿಲುಬೆಗೆ ಜಾಗ ಬಿಡಕ್ಕೆ ಹೇಳು."

ಈ ಬೇಸಿಗೆ, ಮುಂದಿನ ಬೇಸಿಗೆ ಊರಿಗೆ ಹೋಗೋರಲ್ಲಿ ಶೆಟ್ಟಿಹಳ್ಳಿ ಕಡೆ ಹೋಗೋರು ಇದ್ದೇ ಇರ್ತೀರಿ. ಹೋಗಿ, ನೋಡಿ. ಗೋಡೆ ಹತ್ತಬೇಡಿ, ಹೆಸರು ಗೀಚಬೇಡಿ. ಜೋಬಿಗೆ ಏನೂ ಹಾಕಬೇಡಿ ಅಂತ ನಾವು ಹೇಳ್ತಿರೋದು, ಹಾಕೋಣ ಅಂತ ಹೊರಟಿದ್ದವರೇ.

ಸಮಾಧಿ ಕಲ್ಲು ಹಾಸನದಲ್ಲಿ ತಯಾರಾಗ್ತಿದೆ, ಅಲ್ಲಿಯದೇ ಬೂದು ಕಲ್ಲು. ಕಲ್ಲು ಕೆಲಸದವರು ಅಕ್ಷರಕ್ಕೆ ಇಷ್ಟು ಅಂತ ಲೆಕ್ಕ ಹಾಕ್ತಾರಂತೆ, ಒತ್ತಕ್ಷರಕ್ಕೆ ಬೇರೆ ಲೆಕ್ಕ. ಹೆಸರಿನ ದುಡ್ಡು, ಇಸವಿಯ ದುಡ್ಡು ಅಣ್ಣತಮ್ಮಂದಿರದು. ಊರಿನ ಹೆಸರಿನದು ತನಗೆ ಬಿಡಬೇಕು ಅಂತ ಕೆ.ಆರ್. ಪೇಟೆಯವನು ಕೂತ. ಹಾಸನದವನು ಮೊದಲು ಒಪ್ಪಲಿಲ್ಲ, ಆಮೇಲೆ ಬ್ಯಾಂಕ್ ನಂಬರ್ ಕೊಟ್ಟ. ಶೆಟ್ಟಿಹಳ್ಳಿ ಅಂದರೆ ನಾಲ್ಕು ಅಕ್ಷರ, ಎರಡು ಒತ್ತು.